ವೈಫೈ ಪ್ರಿಂಟರ್ ಪದೇ ಪದೇ ಆಫ್‌ಲೈನ್ ಆಗ್ತಿದ್ಯಾ? ಡ್ರೈವರ್ ಕಿತ್ತು ಹಾಕೋ ಮೊದ್ಲು ಇದನ್ನ ನೋಡಿ

ಪ್ರಿಂಟ್ ಕೊಟ್ಟಾಗ ಆಫ್‌ಲೈನ್ ಅಂತ ಬಂದ ತಕ್ಷಣ ತುಂಬಾ ಜನ ಮಾಡೋ ಮೊದಲನೇ ಕೆಲಸ ಏನಂದ್ರೆ ಪ್ರಿಂಟರ್‌ನ ಕಂಪ್ಯೂಟರಿಂದ ರಿಮೂವ್ ಮಾಡಿ ಮತ್ತೆ ಆ್ಯಡ್ ಮಾಡೋದು. ಆವಾಗ ಪ್ರಿಂಟ್ ಬರತ್ತೆ, ಸದ್ಯ ಸರಿಹೋಯ್ತು ಅನ್ಕೊಳ್ತೀವಿ, ಎರಡು ದಿನ ಬಿಟ್ಟು ಮತ್ತೆ ಅದೇ ಪಾಡು. ನಮ್ಮನೇಲೂ ತಿಂಗಳುಗಟ್ಟಲೆ ಹೀಗೇ ನಡೀತು, ಅದೂ ಬೆಳಗ್ಗೆ ಅರ್ಜೆಂಟಾಗಿ ಒಂದು ಪೇಜ್ ಬೇಕು ಅಂದಾಗ್ಲೇ ಆಗ್ತಿತ್ತು, ಕೊನೆಗೆ ಒಂದಿನ ಕೂತು ಒಂದೊಂದಾಗಿ ನೋಡಿದ್ಮೇಲೆ ಗೊತ್ತಾಗಿದ್ದು ಡ್ರೈವರ್‌ದು, ಅಂದ್ರೆ ಕಂಪ್ಯೂಟರ್ ಪ್ರಿಂಟರ್ ಜೊತೆ ಮಾತಾಡೋಕೆ ಬಳಸೋ ಸಾಫ್ಟ್‌ವೇರ್‌ದು, ಏನೂ ತಪ್ಪೇ ಇರ್ಲಿಲ್ಲ ಅಂತ. ಮತ್ತೆ ಆ್ಯಡ್ ಮಾಡಿದಾಗ ಸರಿ ಹೋಗ್ತಿದ್ದಿದ್ದು ಯಾಕಂದ್ರೆ ಕಂಪ್ಯೂಟರ್ ಆವಾಗ ಪ್ರಿಂಟರ್‌ನ ಹೊಸ ಅಡ್ರೆಸ್ ಹುಡುಕ್ಕೊಳ್ತಿತ್ತು, ಅಷ್ಟೆ.

ಹಾಗಾಗಿ ಮೊದ್ಲು ತಿಳ್ಕೊಬೇಕಾಗಿದ್ದು ಒಂದೇ, ಕೊಂಡಿ ಎಲ್ಲಿ ಕಳಚ್ತಿದೆ? ಪ್ರಿಂಟರ್‌ಗೂ ರೌಟರ್‌ಗೂ ಮಧ್ಯೆ ಒಂದು ಕೊಂಡಿ ಇದೆ, ಕಂಪ್ಯೂಟರ್‌ಗೂ ಪ್ರಿಂಟರ್‌ಗೂ ಮಧ್ಯೆ ಇನ್ನೊಂದು. ಎರಡರಲ್ಲಿ ಯಾವುದು ಹೋದ್ರೂ ಸ್ಕ್ರೀನ್ ಮೇಲೆ ಬರೋದು ಅದೇ ಆಫ್‌ಲೈನ್ ಅನ್ನೋ ಪದ. ಆದ್ರೆ ರಿಪೇರಿ ಪೂರ್ತಿ ಬೇರೆ ಬೇರೆ.

ಕಂಡುಹಿಡಿಯೋದು ಕಷ್ಟ ಇಲ್ಲ. ಮುಂದಿನ ಸಲ ಆಫ್‌ಲೈನ್ ಆದಾಗ ದಯವಿಟ್ಟು ಏನನ್ನೂ ರೀಸ್ಟಾರ್ಟ್ ಮಾಡ್ಬೇಡಿ, ರೀಸ್ಟಾರ್ಟ್ ಮಾಡಿದ್ರೆ ಸಾಕ್ಷಿನೇ ಅಳಿಸಿ ಹೋಗತ್ತೆ. ಪ್ರಿಂಟರ್ ಹತ್ರ ಹೋಗಿ ಅದರ ಮೆನುವಿನಲ್ಲೇ ನೆಟ್‌ವರ್ಕ್ ರಿಪೋರ್ಟ್ ಅಥವಾ ನೆಟ್‌ವರ್ಕ್ ಕಾನ್ಫಿಗರೇಶನ್ ಪೇಜ್ ಅಂತ ಇರತ್ತೆ, ಅದನ್ನ ಪ್ರಿಂಟ್ ತಗೊಳ್ಳಿ. ಸ್ಕ್ರೀನ್ ಇಲ್ಲದ ಪ್ರಿಂಟರ್ ಆದ್ರೆ ಯಾವುದೋ ಒಂದೆರಡು ಬಟನ್ ಒತ್ತಿ ಹಿಡಿದ್ರೆ ಬರತ್ತೆ, ಮಾಡೆಲ್ ಪ್ರಕಾರ ಬದಲಾಗತ್ತೆ, ಮ್ಯಾನ್ಯುಯಲ್ ನೋಡ್ಕೊಳ್ಳಿ. ಆ ಪೇಜಲ್ಲಿ ಐಪಿ ಅಡ್ರೆಸ್ ಇರತ್ತೆ, ಅಂದ್ರೆ ಮನೆ ನೆಟ್‌ವರ್ಕಲ್ಲಿ ಪ್ರಿಂಟರ್‌ನ ವಿಳಾಸದ ನಂಬರ್, ಸಾಮಾನ್ಯವಾಗಿ 192.168 ಇಂದ ಶುರುವಾಗತ್ತೆ. ಅದೇ ವೈಫೈನಲ್ಲಿರೋ ಫೋನ್ ತಗೊಂಡು ಬ್ರೌಸರ್‌ನಲ್ಲಿ ಆ ನಂಬರ್ ಟೈಪ್ ಮಾಡಿ. ಪ್ರಿಂಟರ್‌ದೇ ಸ್ವಂತ ಸೆಟ್ಟಿಂಗ್ಸ್ ಪೇಜ್ ಓಪನ್ ಆದ್ರೆ ಪ್ರಿಂಟರ್ ವೈಫೈನಲ್ಲಿ ಸರಿಯಾಗೇ ಇದೆ, ಕಂಪ್ಯೂಟರ್‌ಗೆ ಅದು ಸಿಗ್ತಿಲ್ಲ ಅಂತ ಅರ್ಥ. ಓಪನ್ ಆಗ್ಲಿಲ್ಲ ಅಂದ್ರೆ, ಅಥವಾ ರಿಪೋರ್ಟಲ್ಲಿ ಅಡ್ರೆಸ್ 169.254 ಇಂದ ಶುರುವಾಗಿದ್ರೆ, ತೊಂದರೆ ರೌಟರ್ ಕಡೆ. 169.254 ಅಂದ್ರೆ ರೌಟರಿಂದ ಅಡ್ರೆಸ್ ಸಿಗದೇ ಪ್ರಿಂಟರ್ ತಾನೇ ಒಂದನ್ನ ಹಾಕ್ಕೊಂಡಿದೆ ಅಂತ.

ಜೊತೆಗೆ ಯಾವಾಗ ಹೋಗತ್ತೆ ಅನ್ನೋದನ್ನೂ ಒಂದು ವಾರ ಗಮನಿಸಿ. ಸ್ವಲ್ಪ ಹೊತ್ತು ಸುಮ್ನೆ ಬಿಟ್ಟಾಗ ಹೋದ್ರೆ ಸ್ಲೀಪ್ ಮೋಡ್ ಮೇಲೆ ಅನುಮಾನ ಪಡಿ. ಒಂದೆರಡು ದಿನ ಆಫ್ ಮಾಡಿಟ್ಟು ಆನ್ ಮಾಡಿದಾಗ ಹೋದ್ರೆ ಅಡ್ರೆಸ್ ಬದಲಾಗಿರೋ ಸಾಧ್ಯತೆ ಹೆಚ್ಚು. ಕರೆಂಟ್ ಹೋಗಿ ಬಂದ್ಮೇಲೆ ಮಾತ್ರ ಆಗ್ತಿದ್ರೆ ಅದು ಬರೀ ಟೈಮಿಂಗ್ ಸಮಸ್ಯೆ, ಪ್ರಿಂಟರ್ ಬೇಗ ಆನ್ ಆಗಿ ವೈಫೈ ಹುಡುಕತ್ತೆ, ರೌಟರ್ ಇನ್ನೂ ಎದ್ದಿರಲ್ಲ, ಕೆಲವು ಪ್ರಿಂಟರ್‌ಗಳು ಅಲ್ಲಿಗೇ ಪ್ರಯತ್ನ ಬಿಟ್ಟುಬಿಡತ್ವೆ. ರೌಟರ್ ಆನ್ ಆಗಿ ಎರಡು ಮೂರು ನಿಮಿಷ ಆದ್ಮೇಲೆ ಪ್ರಿಂಟರ್ ಆನ್ ಮಾಡಿದ್ರೆ ಮುಗೀತು. ಇನ್ನು ಹೊತ್ತು ಗೊತ್ತಿಲ್ಲದೇ ಯಾವಾಗಂದ್ರೆ ಆವಾಗ ಹೋಗ್ತಿದ್ರೆ ಸಿಗ್ನಲ್ ನೋಡ್ಬೇಕು.

ಅಡ್ರೆಸ್ ಬದಲಾಗೋ ಕಥೆ

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಾನು ನೋಡಿದ್ರಲ್ಲಿ ಜಾಸ್ತಿ ಜನಕ್ಕೆ ಆಗಿರೋದು ಇದೇ. ರೌಟರ್ ಮನೇಲಿರೋ ಪ್ರತಿ ಸಾಧನಕ್ಕೂ ಒಂದು ಐಪಿ ಅಡ್ರೆಸ್ ಕೊಡತ್ತೆ, ಆದ್ರೆ ಕಾಯಂ ಅಲ್ಲ, ಬಾಡಿಗೆಗೆ ಕೊಟ್ಟಂಗೆ. ಎಷ್ಟೋ ರೌಟರ್‌ಗಳಲ್ಲಿ ಆ ಅವಧಿ 24 ಗಂಟೆ. ಪ್ರಿಂಟರ್ ಆನ್ ಇರೋವಷ್ಟು ದಿನ ಅವಧಿ ಅರ್ಧ ಕಳೆದಾಗಲೇ ರಿನ್ಯೂ ಮಾಡ್ಕೊಳ್ತಾ ಹೋಗತ್ತೆ, ತೊಂದರೆ ಇಲ್ಲ. ಆಫ್ ಮಾಡಿಟ್ರೆ ಅವಧಿ ಮುಗಿಯತ್ತೆ, ಅಷ್ಟರಲ್ಲಿ ಯಾರದ್ದೋ ಫೋನ್ ಬಂದು ಆ ನಂಬರ್ ತಗೊಂಡಿರತ್ತೆ, ಪ್ರಿಂಟರ್ ವಾಪಸ್ ಬಂದಾಗ ಬೇರೆ ನಂಬರ್ ಸಿಗತ್ತೆ. ಕಂಪ್ಯೂಟರ್ ಮಾತ್ರ ಹಳೇ ನಂಬರ್‌ಗೇ ಪ್ರಿಂಟ್ ಕಳಿಸ್ತಾ ಕೂತಿರತ್ತೆ.

ಇದಕ್ಕೆ ಪರಿಹಾರ ರೌಟರ್‌ನಲ್ಲಿ ಪ್ರಿಂಟರ್‌ಗೆ ಒಂದು ನಂಬರ್ ಕಾಯಂ ಮಾಡೋದು. ಮೊದ್ಲು ಆ ರಿಪೋರ್ಟಲ್ಲಿ ಮ್ಯಾಕ್ ಅಡ್ರೆಸ್ ಅಂತ ಇರತ್ತೆ ನೋಡಿ, ಅದು ಸಾಧನಕ್ಕೆ ಕಂಪನಿಯೇ ಕೊಟ್ಟಿರೋ ಗುರುತು, ಎರಡೆರಡು ಅಂಕಿ ಅಥವಾ ಅಕ್ಷರದ ಆರು ಜೋಡಿ. ಕೇಬಲ್ ಪೋರ್ಟೂ ಇರೋ ಪ್ರಿಂಟರ್ ಆದ್ರೆ ಎರಡು ಮ್ಯಾಕ್ ಇರತ್ವೆ, ವೈರ್‌ಲೆಸ್‌ದು ಬರ್ಕೊಳ್ಳಿ, ಇಲ್ಲಿ ತಪ್ಪೋದು ಸುಲಭ. ಆಮೇಲೆ ರೌಟರ್ ಸೆಟ್ಟಿಂಗ್ಸ್ ಪೇಜ್‌ಗೆ ಲಾಗಿನ್ ಆಗಿ ಲ್ಯಾನ್ ಅಥವಾ ಡಿಎಚ್‌ಸಿಪಿ (ಅಡ್ರೆಸ್ ಹಂಚೋ ವ್ಯವಸ್ಥೆ) ಅನ್ನೋ ಜಾಗದಲ್ಲಿ ಅಡ್ರೆಸ್ ರಿಸರ್ವೇಶನ್ ಹುಡುಕಿ, ಕೆಲವು ರೌಟರಲ್ಲಿ ಸ್ಟ್ಯಾಟಿಕ್ ಲೀಸ್ ಅಂತಾನೋ ಐಪಿ ಮ್ಯಾಕ್ ಬೈಂಡಿಂಗ್ ಅಂತಾನೋ ಇರತ್ತೆ. ಅಲ್ಲಿ ಮ್ಯಾಕ್ ಹಾಕಿ, ಬೇರೆ ಯಾವ ಸಾಧನವೂ ತಗೊಂಡಿಲ್ಲದ ಒಂದು ಐಪಿ ಕೊಟ್ಟು ಸೇವ್ ಮಾಡಿ ಪ್ರಿಂಟರ್ ಆಫ್ ಆನ್ ಮಾಡಿ. ಪ್ರಿಂಟರ್ ಮೆನುವಿನಲ್ಲೇ ಸ್ಟ್ಯಾಟಿಕ್ ಐಪಿ ಹಾಕೋದಕ್ಕೂ ಆಗತ್ತೆ, ಆದ್ರೆ ನಾನು ಅದನ್ನ ಬೇಡ ಅಂತೀನಿ, ಮುಂದೆ ರೌಟರ್ ಬದಲಾಯಿಸಿದಾಗ ಹೊಸದು 192.168.0 ಸರಣಿಯಲ್ಲಿದ್ದು ಪ್ರಿಂಟರ್ 192.168.1 ಸರಣಿಯಲ್ಲೇ ಉಳಿದ್ರೆ ಅದನ್ನ ಹುಡುಕೋದೇ ದೊಡ್ಡ ಕೆಲಸ ಆಗತ್ತೆ.

ನಂಬರ್ ಕಾಯಂ ಆದ್ಮೇಲೆ ಕಂಪ್ಯೂಟರ್‌ಗೂ ಅದನ್ನ ಹೇಳ್ಬೇಕಲ್ಲ. ವಿಂಡೋಸ್ ತಾನಾಗೇ ಪ್ರಿಂಟರ್ ಹುಡುಕಿ ಆ್ಯಡ್ ಮಾಡ್ಕೊಂಡಾಗ ಎಷ್ಟೋ ಸಲ ಡಬ್ಲ್ಯೂಎಸ್‌ಡಿ ಅನ್ನೋ ಪೋರ್ಟ್, ಅಂದ್ರೆ ಪ್ರಿಂಟ್ ಕಳಿಸೋ ದಾರಿ, ಹಾಕ್ಕೊಳ್ಳತ್ತೆ, ಪ್ರಿಂಟರ್ ಸ್ಲೀಪಿಂದ ಎದ್ದಾಗ ಅದು ಕೈ ಕೊಡೋದು ಹೆಚ್ಚು. ಸೆಟ್ಟಿಂಗ್ಸಲ್ಲಿ ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್‌ಗೆ ಹೋಗಿ ನಿಮ್ಮ ಪ್ರಿಂಟರ್ ಆರಿಸಿ ಪ್ರಿಂಟರ್ ಪ್ರಾಪರ್ಟೀಸ್ ಓಪನ್ ಮಾಡಿ, ಪೋರ್ಟ್ಸ್ ಟ್ಯಾಬಲ್ಲಿ ಆ್ಯಡ್ ಪೋರ್ಟ್ ಒತ್ತಿ ಸ್ಟ್ಯಾಂಡರ್ಡ್ ಟಿಸಿಪಿ ಐಪಿ ಪೋರ್ಟ್ ಆರಿಸಿ ಆ ಕಾಯಂ ಐಪಿ ಕೊಡಿ. ಅಲ್ಲೇ ಕಾನ್ಫಿಗರ್ ಪೋರ್ಟ್ ಒಳಗೆ ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್ ಅಂತ ಒಂದು ಟಿಕ್ ಇರತ್ತೆ. ಪ್ರಿಂಟರ್ ಚೆನ್ನಾಗಿದ್ರೂ ಆ ಸ್ಟೇಟಸ್ ಪ್ರಶ್ನೆಗೆ ಉತ್ತರ ಕೊಡ್ಲಿಲ್ಲ ಅಂದ್ರೆ ವಿಂಡೋಸ್ ಅದನ್ನ ಆಫ್‌ಲೈನ್ ಅಂತ ಗುರುತು ಹಾಕಿಬಿಡತ್ತೆ. ಫೋನಿಂದ ಪ್ರಿಂಟ್ ಬರತ್ತೆ, ಬ್ರೌಸರಲ್ಲಿ ಪೇಜೂ ಓಪನ್ ಆಗತ್ತೆ, ಕಂಪ್ಯೂಟರ್ ಮಾತ್ರ ಹಠ ಹಿಡಿದಿದೆ ಅನ್ನೋರು ಆ ಟಿಕ್ ತೆಗೆದು ನೋಡಿ. ಪ್ರಿಂಟ್ ಕ್ಯೂ ವಿಂಡೋನಲ್ಲಿ ಯೂಸ್ ಪ್ರಿಂಟರ್ ಆಫ್‌ಲೈನ್ ಅನ್ನೋದು ಟಿಕ್ ಆಗಿದ್ಯಾ ಅಂತಾನೂ ನೋಡ್ಬಿಡಿ, ಯಾರೋ ಗೊತ್ತಿಲ್ದೇ ಒತ್ತಿರ್ತಾರೆ.

ಆ್ಯಪಲ್‌ನ ಮ್ಯಾಕ್ ಕಂಪ್ಯೂಟರ್ ಇದ್ರೆ ಪ್ರಿಂಟರ್ ಆ್ಯಡ್ ಮಾಡೋವಾಗ ಪಟ್ಟಿಯಲ್ಲಿ ತೋರ್ಸೋದನ್ನ ಆರಿಸೋ ಬದ್ಲು ಐಪಿ ಟ್ಯಾಬ್‌ಗೆ ಹೋಗಿ ನಂಬರ್ ಹಾಕಿ.

ಸಿಗ್ನಲ್ ಮತ್ತೆ ರೌಟರ್ ಸೆಟ್ಟಿಂಗ್

ಮನೆ ಪ್ರಿಂಟರ್‌ಗಳಲ್ಲಿ ತುಂಬಾವು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯತ್ವೆ, 5 ಗಿಗಾಹರ್ಟ್ಸ್ ಅವಕ್ಕೆ ಕಾಣೋದೇ ಇಲ್ಲ. ಈಗಿನ ರೌಟರ್‌ಗಳು ಎರಡಕ್ಕೂ ಒಂದೇ ಹೆಸರಿಟ್ಟು ಯಾರನ್ನ ಯಾವುದಕ್ಕೆ ಕಳಿಸ್ಬೇಕು ಅಂತ ತಾವೇ ತೀರ್ಮಾನ ಮಾಡತ್ವೆ, ಸ್ಮಾರ್ಟ್ ಕನೆಕ್ಟ್ ಅಥವಾ ಬ್ಯಾಂಡ್ ಸ್ಟೀರಿಂಗ್ ಅಂತಾರೆ. ಫೋನ್‌ಗೆ ಇದು ಒಳ್ಳೇದೇ, ಪ್ರಿಂಟರ್‌ನ 5ಕ್ಕೆ ತಳ್ಳೋಕೆ ನೋಡಿ ಕನೆಕ್ಷನ್ ಬೀಳಿಸೋದೂ ಇದೆ. ಅದನ್ನ ಆಫ್ ಮಾಡಿ 2.4ಕ್ಕೆ ಬೇರೆ ಹೆಸರು ಕೊಟ್ಟು ಪ್ರಿಂಟರ್‌ನ ಅದಕ್ಕೆ ಮಾತ್ರ ಸೇರಿಸಿ. ಫೋನ್ 5ರಲ್ಲಿ ಪ್ರಿಂಟರ್ 2.4ರಲ್ಲಿ ಇದ್ರೆ ಪ್ರಿಂಟ್ ಹೋಗಲ್ಲ ಅನ್ನೋ ಭಯ ಬೇಡ, ಎರಡೂ ಒಂದೇ ರೌಟರ್‌ನ ಒಂದೇ ನೆಟ್‌ವರ್ಕ್, ಮಾಮೂಲಿಯಾಗಿ ಹೋಗತ್ತೆ. ಆದ್ರೆ ಪ್ರಿಂಟರ್‌ನ ಗೆಸ್ಟ್ ವೈಫೈಗೆ ಹಾಕ್ಬೇಡಿ, ಗೆಸ್ಟ್‌ನಲ್ಲಿರೋ ಸಾಧನಗಳು ಮನೇಲಿರೋ ಬೇರೆ ಸಾಧನಗಳನ್ನ ನೋಡದ ಹಾಗೆ ಗೋಡೆ ಕಟ್ಟಿರತ್ತೆ, ಅದರ ಉದ್ದೇಶಾನೇ ಅದು.

ಚಾನೆಲ್ ಆಟೋ ಅಂತ ಇದ್ರೆ ರೌಟರ್ ತನಗೆ ಬೇಕಾದಾಗ ಚಾನೆಲ್ ಬದಲಾಯಿಸತ್ತೆ, ಕೆಲವು ಪ್ರಿಂಟರ್‌ಗಳು ಅದರ ಹಿಂದೆ ಹೋಗೋಕಾಗದೇ ಬಿದ್ದೋಗತ್ವೆ. 1, 6, 11 ಇವು ಮೂರು ಒಂದರ ಮೇಲೊಂದು ಬೀಳದ ಚಾನೆಲ್‌ಗಳು, ಇವುಗಳಲ್ಲಿ ಅಕ್ಕಪಕ್ಕದ ವೈಫೈ ಕಮ್ಮಿ ಇರೋದನ್ನ ಆರಿಸಿ ಫಿಕ್ಸ್ ಮಾಡಿ, ಚಾನೆಲ್ ವಿಡ್ತ್ 20 ಮೆಗಾಹರ್ಟ್ಸ್ ಇಡಿ. 12, 13 ಬೇಡ, ಅವನ್ನ ನೋಡೋಕೇ ಆಗದ ಪ್ರಿಂಟರ್‌ಗಳಿವೆ.

ಸೆಕ್ಯುರಿಟಿ ವಿಷಯ ಹೊಸ ರೌಟರ್ ತಂದೋರು ಖಂಡಿತ ನೋಡ್ಬೇಕು. ಹೊಸ ರೌಟರ್‌ನಲ್ಲಿ ಡಬ್ಲ್ಯೂಪಿಎ3 ಅನ್ನೋ ವೈಫೈ ಭದ್ರತಾ ಪದ್ಧತಿ ಆನ್ ಇರಬಹುದು, ಈ ಪದ್ಧತಿ ಬಂದಿದ್ದು 2018ರಲ್ಲಿ, ಅದಕ್ಕಿಂತ ಹಳೇ ಪ್ರಿಂಟರ್‌ಗಳಿಗೆ ಅದು ಗೊತ್ತಿಲ್ಲ. ಡಬ್ಲ್ಯೂಪಿಎ2 ಮತ್ತೆ 3 ಸೇರಿದ ಮಿಕ್ಸೆಡ್ ಮೋಡಲ್ಲಿ ಎಷ್ಟೋ ಪ್ರಿಂಟರ್ ಸೇರತ್ವೆ, ಕೆಲವು ಸೇರಿದಂಗೆ ಮಾಡಿ ಆಮೇಲೆ ಬಿಟ್ಟುಹೋಗತ್ವೆ. 2.4ಕ್ಕೆ ಡಬ್ಲ್ಯೂಪಿಎ2 ಎಇಎಸ್ ಮಾತ್ರ ಇಟ್ಟು 5ಕ್ಕೆ ಡಬ್ಲ್ಯೂಪಿಎ3 ಉಳಿಸ್ಕೊಂಡ್ರೆ ಎರಡೂ ಕಡೆ ಒಳ್ಳೇದು. ಪ್ರಿಂಟರ್ ಸೇರ್ಲಿ ಅಂತ ಪಾಸ್‌ವರ್ಡೇ ತೆಗೆಯೋದು, ಹಳೇ ಡಬ್ಲ್ಯೂಇಪಿಗೆ ಇಳಿಯೋದು ಮಾತ್ರ ಬೇಡವೇ ಬೇಡ, ಒಂದು ಪ್ರಿಂಟರ್‌ಗೋಸ್ಕರ ಇಡೀ ಮನೆ ನೆಟ್‌ವರ್ಕ್ ಬಾಗಿಲು ತೆಗೆದಿಟ್ಟಂಗೆ.

ಜಾಗಾನೂ ಮುಖ್ಯ. ಪ್ರಿಂಟರ್ ಪೇಜಲ್ಲೋ ರಿಪೋರ್ಟಲ್ಲೋ ಸಿಗ್ನಲ್ ಡಿಬಿಎಂನಲ್ಲಿ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ರ ಇದ್ದಷ್ಟೂ ಒಳ್ಳೇದು) ಕೊಟ್ಟಿದ್ರೆ ಮೈನಸ್ 50 ಆಸುಪಾಸು ಚೆನ್ನಾಗಿದೆ ಅಂತ, ಮೈನಸ್ 70 ದಾಟಿ 80ರ ಕಡೆ ಹೋದ್ರೆ ಕನೆಕ್ಷನ್ ಬೀಳೋದ್ರಲ್ಲಿ ಆಶ್ಚರ್ಯ ಇಲ್ಲ. ಕಬ್ಬಿಣದ ಬೀರು ಪಕ್ಕ, ಫ್ರಿಜ್ ಹಿಂದೆ ಇಟ್ಟಿದ್ರೆ ಜಾಗ ಬದಲಾಯಿಸಿ. ಮೈಕ್ರೋವೇವ್ ಓವನ್ ಕೆಲಸ ಮಾಡೋದು 2.45 ಗಿಗಾಹರ್ಟ್ಸ್ ಹತ್ರ, ಅಂದ್ರೆ ನಮ್ಮ ವೈಫೈ ದಾರಿಯಲ್ಲೇ. ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ರೌಟರ್‌ಗೆ ಅಂಟಿಕೊಂಡಂಗೆ ಇದ್ರೂ 2.4ರಲ್ಲಿ ಗದ್ದಲ ಎಬ್ಬಿಸತ್ತೆ, ಇದು ಯಾರಿಗೂ ತಲೆಗೇ ಹೋಗಲ್ಲ.

ಎರಡನೇ ರೌಟರ್ ಇರೋ ಮನೆಗಳಿಗೆ ಒಂದು ಮಾತು. ಮಹಡಿಗೆ ಸಿಗ್ನಲ್ ಬರ್ಲಿ ಅಂತ ಹಳೇ ರೌಟರ್ ಹಾಕಿರ್ತೀವಿ, ಅದು ರೌಟರ್ ಮೋಡಲ್ಲೇ ಇದ್ರೆ ತನ್ನದೇ ಬೇರೆ ನೆಟ್‌ವರ್ಕ್ ಮಾಡ್ಕೊಂಡಿರತ್ತೆ. ಲ್ಯಾಪ್‌ಟಾಪ್ ಮೇಲೆ ಹೋದಾಗ ಪ್ರಿಂಟರ್ ಮಾಯ, ಕೆಳಗೆ ಬಂದಾಗ ಪ್ರತ್ಯಕ್ಷ. ಲ್ಯಾಪ್‌ಟಾಪ್ ಐಪಿಯ ಮೊದಲ ಮೂರು ಭಾಗ ಮತ್ತೆ ಪ್ರಿಂಟರ್ ಐಪಿಯ ಮೊದಲ ಮೂರು ಭಾಗ ಒಂದೇ ಇದ್ಯಾ ನೋಡಿ. ಬೇರೆ ಇದ್ರೆ ಎರಡನೇ ರೌಟರ್‌ನ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಆವಾಗ ಅದು ಮೊದಲ ರೌಟರ್‌ನ ನೆಟ್‌ವರ್ಕನ್ನೇ ಮುಂದುವರಿಸತ್ತೆ. ಆಫೀಸ್ ವಿಪಿಎನ್ (ಲ್ಯಾಪ್‌ಟಾಪ್‌ನ ಆಫೀಸ್ ನೆಟ್‌ವರ್ಕ್‌ಗೆ ಸೇರಿಸೋ ಸಂಪರ್ಕ) ಆನ್ ಇದ್ದಾಗ ಮಾತ್ರ ಪ್ರಿಂಟರ್ ಕಾಣದೇ ಇದ್ರೆ ಅದು ವಿಪಿಎನ್ ಕೆಲಸ, ಆಫ್ ಮಾಡಿ ಪ್ರಿಂಟ್ ತಗೊಳ್ಳಿ.

ಸ್ಲೀಪ್, ಸ್ಪೂಲರ್, ಅಪ್‌ಡೇಟ್

ಸ್ಲೀಪ್ ಮೋಡ್ ಬೇರೆ, ಆಟೋ ಆಫ್ ಬೇರೆ. ಸ್ಲೀಪಲ್ಲಿ ಪ್ರಿಂಟ್ ಕಳಿಸಿದ್ರೆ ಎದ್ದೇಳ್ಬೇಕು, ಆಟೋ ಆಫ್ ಆದ್ರೆ ಬಟನ್ ಒತ್ತೋವರ್ಗೂ ಏಳಲ್ಲ. ಆಟೋ ಆಫ್ ತೆಗೀರಿ, ಸ್ಲೀಪ್ ಟೈಮರ್ ಇದ್ದಷ್ಟು ಜಾಸ್ತಿ ಮಾಡಿ. ಬ್ರೌಸರಲ್ಲಿ ಓಪನ್ ಆಗೋ ಪ್ರಿಂಟರ್ ಪೇಜಲ್ಲೇ ಎರಡೂ ಇರತ್ತೆ.

ಕನೆಕ್ಷನ್ ಸರಿ ಇದ್ದೂ ಕ್ಯೂನಲ್ಲಿ ಪ್ರಿಂಟ್ ಸಿಕ್ಕಾಕ್ಕೊಂಡಿದ್ರೆ ವಿಂಡೋಸ್ ಸರ್ವೀಸಸ್‌ಗೆ ಹೋಗಿ ಪ್ರಿಂಟ್ ಸ್ಪೂಲರ್ (ಪ್ರಿಂಟ್‌ಗಳನ್ನ ಸಾಲಲ್ಲಿ ಇಟ್ಟು ಕಳಿಸೋ ಭಾಗ) ಸ್ಟಾಪ್ ಮಾಡಿ, ಸಿ ಡ್ರೈವಲ್ಲಿ ವಿಂಡೋಸ್, ಅದರೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಫೋಲ್ಡರ್, ಅದರ ಒಳಗಿರೋ ಫೈಲ್‌ಗಳನ್ನ ಮಾತ್ರ ಡಿಲೀಟ್ ಮಾಡಿ, ಫೋಲ್ಡರ್ ಅಲ್ಲ, ಮತ್ತೆ ಸ್ಪೂಲರ್ ಸ್ಟಾರ್ಟ್ ಮಾಡಿ.

ಫರ್ಮ್‌ವೇರ್, ಅಂದ್ರೆ ಪ್ರಿಂಟರ್ ಒಳಗಿರೋ ಸಾಫ್ಟ್‌ವೇರ್, ಅದರ ಅಪ್‌ಡೇಟ್‌ನಿಂದ ವೈಫೈ ತೊಂದರೆ ಸರಿಯಾಗೋದುಂಟು, ಆದ್ರೆ ಅಪ್‌ಡೇಟ್ ಆಗ್ತಿರೋವಾಗ ಪವರ್ ಹೋದ್ರೆ ಪ್ರಿಂಟರೇ ಕೈಬಿಟ್ಟು ಹೋಗಬಹುದು. ಬೇರೆ ಕಂಪನಿಯ ಕಾರ್ಟ್ರಿಡ್ಜ್ ಹಾಕಿರೋರು ಇನ್ನೂ ಹುಷಾರಾಗಿರಿ, ಅಪ್‌ಡೇಟ್ ಆದ್ಮೇಲೆ ಆ ಕಾರ್ಟ್ರಿಡ್ಜ್ ಒಪ್ಪದೇ ಇರೋ ಪ್ರಿಂಟರ್‌ಗಳಿವೆ.

ಇಷ್ಟೆಲ್ಲಾ ಮಾಡಿದ್ಮೇಲೆ ಸರಿಹೋಯ್ತಾ ಇಲ್ವಾ ಅಂತ ಪರೀಕ್ಷೆ ಮಾಡೋಕೆ ವಿಂಡೋಸ್ ಕಮಾಂಡ್ ಪ್ರಾಂಪ್ಟಲ್ಲಿ ಪಿಂಗ್ ಕಮಾಂಡ್‌ಗೆ ಪ್ರಿಂಟರ್ ಐಪಿ ಕೊಟ್ಟು ಕೊನೆಗೆ ಮೈನಸ್ ಟಿ ಹಾಕಿ, ಒಂದೆರಡು ಗಂಟೆ ಹಾಗೇ ಓಡ್ಲಿ. ಮಧ್ಯೆ ಮಧ್ಯೆ ಟೈಮ್ಡ್ ಔಟ್ ಬಂದ್ರೆ ಸಿಗ್ನಲ್ ಕಡೆ ಇನ್ನೂ ಕೆಲಸ ಇದೆ. ನಿಲ್ಲಿಸೋಕೆ ಕಂಟ್ರೋಲ್ ಸಿ. ಆದ್ರೆ ಪಿಂಗ್ ಓಡ್ತಿರೋವಾಗ ಪ್ರಿಂಟರ್ ಆಳವಾಗಿ ಸ್ಲೀಪ್‌ಗೆ ಹೋಗದೇನೂ ಇರಬಹುದು, ಸ್ಲೀಪ್ ಸಮಸ್ಯೆಗೆ ಈ ಪರೀಕ್ಷೆ ನಂಬ್ಬೇಡಿ, ರಾತ್ರಿ ಪೂರ್ತಿ ಬಿಟ್ಟು ಬೆಳಗ್ಗೆ ನೇರ ಒಂದು ಪ್ರಿಂಟ್ ಕೊಟ್ಟು ನೋಡಿ.

ಆದ್ರೂ ಬೀಳ್ತಿದ್ರೆ ಪ್ರಿಂಟರ್‌ನ ನೆಟ್‌ವರ್ಕ್ ಸೆಟ್ಟಿಂಗ್ ಪೂರ್ತಿ ರೀಸೆಟ್ ಮಾಡಿ ಹೊಸದಾಗಿ ಸೇರಿಸಿ. ಪಾಸ್‌ವರ್ಡ್ ಟೈಪ್ ಮಾಡದೇ ಸೇರಿಸೋ ಡಬ್ಲ್ಯೂಪಿಎಸ್ ಬಟನ್ ಬಳಸೋದಾದ್ರೆ ರೌಟರ್‌ದು ಒತ್ತಿ 2 ನಿಮಿಷದೊಳಗೆ ಪ್ರಿಂಟರ್‌ದೂ ಒತ್ತಬೇಕು, ಡಬ್ಲ್ಯೂಪಿಎ3 ಮಾತ್ರ ಇರೋ ನೆಟ್‌ವರ್ಕಲ್ಲಿ ಅದು ಕೆಲಸ ಮಾಡಲ್ಲ. ಅದೂ ಆಗ್ಲಿಲ್ಲ, ಪ್ರಿಂಟರ್ ಹಿಂದೆ ಲ್ಯಾನ್ ಪೋರ್ಟ್ ಇದೆ ಅಂದ್ರೆ ರೌಟರ್ ಪಕ್ಕ ಇಟ್ಟು ಕೇಬಲ್ ಹಾಕ್ಬಿಡಿ, ವೈಫೈನಲ್ಲಿರೋ ಫೋನು ಲ್ಯಾಪ್‌ಟಾಪ್ ಎಲ್ಲದರಿಂದ್ಲೂ ಮೊದ್ಲಿನಂಗೇ ಪ್ರಿಂಟ್ ಹೋಗತ್ತೆ. ಕೇಬಲ್ ಹಾಕಿದ ತಕ್ಷಣ ತುಂಬಾ ಪ್ರಿಂಟರ್‌ಗಳಲ್ಲಿ ವೈಫೈ ತಾನಾಗೇ ಆಫ್ ಆಗತ್ತೆ, ಗಾಬರಿ ಬೇಡ. ಕೇಬಲ್ ಕಡೆಯ ಮ್ಯಾಕ್ ಬೇರೆ ಅಂತ ಆಗ್ಲೇ ಹೇಳಿದ್ನಲ್ಲ, ರೌಟರ್‌ನಲ್ಲಿ ರಿಸರ್ವೇಶನ್ ಆ ಮ್ಯಾಕ್‌ಗೆ ಬದಲಾಯಿಸೋದು ಮರೀಬೇಡಿ.