ಮೋಡ ಇದ್ರೂ ಗ್ರಹಣ ನೋಡಿದ್ದು

2018ರ ಜುಲೈ 27ರ ರಾತ್ರಿ ನಾನು ಮಾಡಿದ ತಪ್ಪು ಒಂದೇ, ಮಹಡಿಯಿಂದ ಕೆಳಗಿಳಿದು ಮಲಗಿಬಿಟ್ಟಿದ್ದು. ಅವತ್ತು 103 ನಿಮಿಷದ ಪೂರ್ತಿ ಚಂದ್ರಗ್ರಹಣ ಇತ್ತು. ರಾತ್ರಿ ಒಂದು ಗಂಟೆಗೆ ಚಂದ್ರ ನೆರಳೊಳಗೆ ಮುಳುಗಬೇಕಿತ್ತು, ಆದರೆ ಮೇಲೆ ನೋಡಿದ್ರೆ ಬರೀ ಆಷಾಢದ ಮೋಡ. ಒಂದೂಕಾಲಕ್ಕೆ ಚಾಪೆ ಸುತ್ತಿಕೊಂಡು ಬಂದೆ. ಬೆಳಿಗ್ಗೆ ಹಾಲು ತರೋಕೆ ಹೋದಾಗ ಹಿಂದಿನ ಬೀದಿಯವರೊಬ್ಬರು, 'ಎರಡು ಗಂಟೆ ಹೊತ್ತಿಗೆ ಒಂದ್ಹತ್ತು ನಿಮಿಷ ಕಾಣ್ತು ಸಾರ್, ನೀವು ನೋಡ್ಲಿಲ್ವಾ?' ಅಂದ್ರು. ಏಳು ವರ್ಷ ಆ ಮಾತು ಹೊಟ್ಟೆಯೊಳಗೇ ಇತ್ತು.

ಹಾಗಾಗಿ ಮತ್ತೆ ಪೂರ್ತಿ ಚಂದ್ರಗ್ರಹಣ ಇದ್ದ 2025ರ ಸೆಪ್ಟೆಂಬರ್ 7, ಭಾನುವಾರ, ಮಧ್ಯಾಹ್ನದಿಂದಲೇ ಮೈಸೂರಿನ ಮೇಲೆ ಮೋಡ ಕವಿದುಕೊಂಡಿದ್ರೂ ನಾನು ಜಗ್ಗಲಿಲ್ಲ. ಮೊಬೈಲ್‌ನ ಹವಾಮಾನ ಮುನ್ಸೂಚನೆಯಲ್ಲಿ ರಾತ್ರಿ ಪೂರ್ತಿ ಮೋಡದ ಚಿತ್ರವೇ. ಹವಾಮಾನ ಇಲಾಖೆಯ ಇನ್ಸಾಟ್ ಉಪಗ್ರಹದ ಚಿತ್ರವನ್ನೂ ನೋಡಿದೆ. ಅದರಲ್ಲಿ ಎತ್ತರದ ದಪ್ಪ ಮೋಡ ಚೆನ್ನಾಗಿ ಗೊತ್ತಾಗುತ್ತದೆ, ಆದರೆ ನಮ್ಮ ತಲೆ ಮೇಲೆ ಓಡಾಡುವ ತಗ್ಗಿನ ಮೋಡ ರಾತ್ರಿ ಹೊತ್ತು ನೆಲದಿಂದ ಬೇರೆಯಾಗಿ ಸರಿಯಾಗಿ ಕಾಣುವುದಿಲ್ಲ. ಕೊನೆಗೆ ನಾನು ನಂಬಿದ್ದು ಚಾಮುಂಡಿ ಬೆಟ್ಟದ ದೀಪಗಳನ್ನು. ಕುವೆಂಪುನಗರದ ನಮ್ಮ ಮಹಡಿಯಿಂದ ಅವು ಚೆನ್ನಾಗಿ ಕಾಣುತ್ತಿದ್ವು. ಬೆಟ್ಟದ ದೀಪ ಮುಚ್ಚಿಲ್ಲ ಅಂದ್ರೆ ಸದ್ಯಕ್ಕೆ ಮಳೆ ಇಲ್ಲ ಅನ್ನೋದು ನನ್ನ ಲೆಕ್ಕ.

ಅಮ್ಮ ಆರು ಗಂಟೆಗೇ ಊಟ ಹಾಕಿಬಿಟ್ಟಿದ್ದರು. ಉಪ್ಪಿನಕಾಯಿ ಜಾಡಿ, ಮೊಸರು, ಕುಡಿಯುವ ನೀರು ಎಲ್ಲದರ ಮೇಲೂ ಒಂದೊಂದು ಎಳೆ ದರ್ಭೆ ಬಿದ್ದಾಗಿತ್ತು. 'ಹಿಡಿದ ಮೇಲೆ ಒಂದು ತೊಟ್ಟು ಕಾಫಿನೂ ಕೊಡಲ್ಲ ಕಣೋ' ಅಂದ್ರು. ನಾನಾಗಲೇ ಫ್ಲಾಸ್ಕ್ ತುಂಬಿಸಿ ಮಹಡಿಯ ನೀರಿನ ಟ್ಯಾಂಕ್ ಹಿಂದೆ ಇಟ್ಟಿದ್ದೆ. ಈ ಮಾತು ಅವರಿಗೆ ಇವತ್ತಿಗೂ ಗೊತ್ತಿಲ್ಲ.

ಲೆಕ್ಕ ಹೀಗಿತ್ತು. ರಾತ್ರಿ 9:57ಕ್ಕೆ ಸ್ಪರ್ಶ, ಗ್ರಹಣ ಹಿಡಿಯೋಕೆ ಶುರು. ಹನ್ನೊಂದರಿಂದ ಸುಮಾರು 12:23ರವರೆಗೆ, 82 ನಿಮಿಷ, ಪೂರ್ತಿ ಗ್ರಹಣ. 1:26ಕ್ಕೆ ಮೋಕ್ಷ, ಗ್ರಹಣ ಪೂರಾ ಬಿಡೋದು. ಅಂದ್ರೆ ಒಟ್ಟು ಮೂರೂವರೆ ಗಂಟೆ. ಸೂರ್ಯಗ್ರಹಣದಲ್ಲಿ ಸೂರ್ಯ ಪೂರ್ತಿ ಮುಚ್ಚಿರೋ ಹೊತ್ತು ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತೆ, ಅಡ್ಡ ಒಂದು ಮೋಡ ಬಂದ್ರೆ ಕಥೆ ಮುಗೀತು. ಚಂದ್ರಗ್ರಹಣದಲ್ಲಿ ಹಾಗಲ್ಲ, ಮೂರೂವರೆ ಗಂಟೆಯಲ್ಲಿ ಮೋಡ ಎಲ್ಲೋ ಒಂದು ಕಡೆ ಹರಿಯಲೇಬೇಕು ಅಲ್ವಾ? ಆ ಹೊತ್ತಿಗೆ ನಾವು ಮೇಲಿರಬೇಕು, ಅಷ್ಟೇ.

ಕುರ್ಚಿ ಬೇಡ. ಮಧ್ಯರಾತ್ರಿ ಹೊತ್ತಿಗೆ ಚಂದ್ರ ಹೆಚ್ಚುಕಡಿಮೆ ನೆತ್ತಿ ಮೇಲೆ, ತುಸು ದಕ್ಷಿಣಕ್ಕೆ ವಾಲಿಕೊಂಡು ಇದ್ದ. ಕುರ್ಚಿಯಲ್ಲಿ ಕೂತು ನೋಡಿದ್ರೆ ಮಾರನೇ ದಿನ ಕತ್ತು ತಿರುಗಲ್ಲ. ಚಾಪೆ, ದಿಂಬು, ಒಂದು ಹೊದಿಕೆ, 10x50 ಬೈನಾಕ್ಯುಲರ್, ಸೊಳ್ಳೆಬತ್ತಿ. ಬೀದಿದೀಪದ ಬೆಳಕು ತಾಗದ ಹಾಗೆ ಟ್ಯಾಂಕಿನ ಮರೆಯಲ್ಲಿ ಮಲಗಿದೆವು, ನಾನು ಮತ್ತು ಏಳನೇ ಕ್ಲಾಸಿನ ಮಗಳು.

ಸ್ಪರ್ಶ ನಮಗೆ ಕಾಣಲೇ ಇಲ್ಲ. ಹತ್ತು ಗಂಟೆ ಇಪ್ಪತ್ತಕ್ಕೆ ಮೋಡ ತೆಳುವಾಗಿ ಚಂದ್ರ ಕಂಡಾಗ ಎಡಕ್ಕೆ ಆಗಲೇ ದೊಡ್ಡ ತುಂಡು ಹೋಗಿತ್ತು. 'ಅಪ್ಪ, ಕಜ್ಜಾಯ ಕಚ್ಚಿದ ಹಾಗಿದೆ' ಅಂದಳು. ಆ ಕಚ್ಚಿದ ಅಂಚು ಬಾಗಿತ್ತು, ಅದು ಭೂಮಿಯ ನೆರಳಿನ ಅಂಚು. ಭೂಮಿ ಗುಂಡಗಿದೆ ಅನ್ನೋದಕ್ಕೆ ಅರಿಸ್ಟಾಟಲ್ ಕೊಟ್ಟ ಸಾಕ್ಷಿಗಳಲ್ಲಿ ಇದೂ ಒಂದು ಅಂತ ಹೇಳೋಷ್ಟರಲ್ಲಿ ಮತ್ತೆ ಮುಚ್ಚಿಕೊಂಡಿತು.

ಇಲ್ಲಿ ನನಗೆ ಮೊದಲು ಹೊಳೆಯದೇ ಇದ್ದ ವಿಷಯ ಒಂದಿದೆ. ಹುಣ್ಣಿಮೆ ಚಂದ್ರ ತೆಳು ಮೋಡದ ಹಿಂದಿದ್ರೂ ಕಾಣುತ್ತಾನೆ. ಪೂರ್ತಿ ಗ್ರಹಣ ಹಿಡಿದ ಚಂದ್ರ ಅದಕ್ಕಿಂತ ಸಾವಿರಾರು ಪಟ್ಟು ಮಂಕು. ಅದೇ ತೆಳು ಮೋಡ ಈಗ ಅವನನ್ನು ಪೂರಾ ನುಂಗಿಬಿಡುತ್ತದೆ. 2018ರಲ್ಲಿ ನಾನು ಮೋಸ ಹೋಗಿದ್ದು ಹೀಗೇ ಇರಬೇಕು. ಹನ್ನೊಂದಕ್ಕೆ ಮೇಲೆ ಎಲ್ಲೂ ಏನೂ ಇಲ್ಲ ಅನ್ನಿಸಿದಾಗ ಮೋಡ ಜಾಸ್ತಿ ಆಗಿದೆ ಅಂತಲೇ ಅಂದುಕೊಳ್ಳುತ್ತೀರಿ, ಜಾಸ್ತಿ ಆಗಿರೋದೇ ಇಲ್ಲ, ಚಂದ್ರನೇ ಆರಿಹೋಗಿರುತ್ತಾನೆ. ಹಾಗಾಗಿ ಚಂದ್ರನಿರಬೇಕಾದ ಜಾಗ ಗುರುತಿಟ್ಟುಕೊಂಡು ಬೈನಾಕ್ಯುಲರನ್ನು ಅಲ್ಲೇ ಹಿಡಿದು ಹುಡುಕಬೇಕು. ಜೊತೆಗೆ ಪಡುವಣವನ್ನೂ ನೋಡುತ್ತಿರಬೇಕು. ಈ ಕಾಲದಲ್ಲಿ ನಮ್ಮ ಕಡೆ ತಗ್ಗಿನ ಮೋಡ ಪಡುವಣದಿಂದಲೇ ಬರುವುದು. ಹುಣಸೂರು ಕಡೆ ಒಂದೆರಡು ನಕ್ಷತ್ರ ಕಂಡ್ರೆ, ಆ ಖಾಲಿ ಜಾಗ ಸ್ವಲ್ಪ ಹೊತ್ತಿಗೆ ನಮ್ಮ ತಲೆ ಮೇಲೂ ಬರುತ್ತದೆ.

11:50ಕ್ಕೆ ಬಂತು. ಸುಮಾರು ಹದಿನಾಲ್ಕು ನಿಮಿಷ.

ಪತ್ರಿಕೆಯವರು ರಕ್ತಚಂದ್ರ ಅಂತಾರೆ. ನನಗೇನೂ ರಕ್ತ ಕಾಣಲಿಲ್ಲ. ಹುಣಸೆಹಣ್ಣು ಹಾಕಿ ಉಜ್ಜದೆ ತಿಂಗಳಾದ ತಾಮ್ರದ ಚೊಂಬಿನ ಬಣ್ಣ. ಕೆಳಗಿನ ಅಂಚು ಸ್ವಲ್ಪ ತಿಳಿ, ಮೇಲೆ ಹೋದಂತೆ ಕಪ್ಪಾದ ಕೆಂಪು. ಚಂದ್ರ ಈ ಸಲ ನೆರಳಿನ ನಡುವಿಗಿಂತ ದಕ್ಷಿಣಕ್ಕೆ ಸರಿದು ಹೋಗಿದ್ದರಿಂದ ಅವನ ಕೆಳಗಿನ ಅಂಚು ನೆರಳಿನ ಅಂಚಿಗೆ ಹತ್ತಿರವಿತ್ತು, ಅದಕ್ಕೇ ಹಾಗೆ. ಎಡಗಡೆ ಸ್ವಲ್ಪ ದೂರದಲ್ಲಿ ಶನಿ. ಭೂಮಿ ಅಡ್ಡ ನಿಂತ ಮೇಲೂ ಬೆಳಕು ಎಲ್ಲಿಂದ ಬಂತು ಅಂತ ಮಗಳು ಕೇಳಿದಳು. ಭೂಮಿಯ ಸುತ್ತ ಗಾಳಿ ಇದೆಯಲ್ಲ, ಸೂರ್ಯನ ಬೆಳಕು ಅದರೊಳಗೆ ತೂರಿ ಬರುವಾಗ ನೀಲಿ ಚೆದುರಿಹೋಗಿ ಉಳಿದ ಕೆಂಪು ಒಳಕ್ಕೆ ಬಾಗುತ್ತದೆ. ಆ ಹೊತ್ತಲ್ಲಿ ಭೂಮಿಯ ಮೇಲೆ ಎಲ್ಲೆಲ್ಲಿ ಸೂರ್ಯ ಹುಟ್ಟುತ್ತಿದ್ದನೋ ಮುಳುಗುತ್ತಿದ್ದನೋ ಅಲ್ಲಿನ ಕೆಂಪೆಲ್ಲ ಸೇರಿ ಅಲ್ಲಿ ಬಿದ್ದಿದೆ ಅಂದೆ. ಅವಳು ಸುಮ್ನೆ ನೋಡ್ತಾ ಇದ್ದಳು.

ಫೋಟೋ ವಿಷಯ ಕೇಳಬೇಡಿ. ಮೊಬೈಲಲ್ಲಿ ತೆಗೆದದ್ದರಲ್ಲಿ ಒಂದು ಕೆಂಪು ಚುಕ್ಕಿ ಇದೆ, ಅದು ಪಕ್ಕದ ಮನೆ ಕ್ಯಾಮೆರಾದ ದೀಪವೂ ಆಗಿರಬಹುದು. ಹದಿನಾಲ್ಕು ನಿಮಿಷದಲ್ಲಿ ಮೂರು ನಿಮಿಷ ಇದಕ್ಕೇ ದಂಡ.

ಅಮ್ಮ ಗ್ರಹಣ ನೋಡಬಾರದು ಅಂತ ಕೆಳಗೇ ಜಪಕ್ಕೆ ಕೂತಿದ್ದರು. ಆದರೆ ಎರಡು ಸಲ ಮೆಟ್ಟಿಲ ಹತ್ತಿರ ಬಂದು 'ಕಾಣ್ತೇನೋ?' ಅಂತ ಕೇಳಿದ್ದರು. ಮೂರನೇ ಸಲ ಮಗಳು ಓಡಿಹೋಗಿ ಕೈಹಿಡಿದು ಕರೆದುಕೊಂಡೇ ಬಂದಳು. ಆಗ 12:40. ಮೋಡದ ನಡುವೆ ಒಂದು ಕಡೆ ಬೆಳ್ಳಿ ಗೆರೆಯ ಹಾಗೆ ಬೆಳಕು ವಾಪಸ್ ಬರುತ್ತಿತ್ತು. ಅಮ್ಮ ಎರಡು ನಿಮಿಷ ನೋಡಿ, 'ಇಷ್ಟೇನಾ' ಅಂದ್ರು. ಆದರೆ ಇಳಿಯಲಿಲ್ಲ. ಮೋಕ್ಷದವರೆಗೂ ಚಾಪೆ ಮೇಲೇ ಕೂತಿದ್ದರು.

1:26 ಆದ ಮೇಲೆ ಎಲ್ಲರಿಗೂ ತಲೆಗೆ ಸ್ನಾನ, ಅದರಲ್ಲಿ ರಿಯಾಯಿತಿ ಇಲ್ಲ. ದಿನವಿಡೀ ಮೋಡ ಇದ್ದದ್ದು ನನಗೆ ಮರೆತೇಹೋಗಿತ್ತು. ನಲ್ಲಿ ತಿರುಗಿಸಿದ್ರೆ ಸೋಲಾರ್ ನೀರು ತಣ್ಣಗೆ ಕೊರೀತಿತ್ತು.