ಕತ್ತರಿ ಮತ್ತೆ ಕೈಗೆ ಬರುವವರೆಗೆ

2024ರ ಗೌರಿ ಹಬ್ಬದ ಹಿಂದಿನ ಸಂಜೆ. ಮಂಡ್ಯದ ನೂರಡಿ ರಸ್ತೆಯ ಹತ್ತಿರ ನನ್ನ ಹೊಲಿಗೆ ಅಂಗಡಿ. ಕೊನೆಯ ರವಿಕೆಗೆ ಹುಕ್ಕು ಹಾಕಿ, ಬಾಗಿಲೆಳೆದು ಮನೆಗೆ ಹೊರಟಿದ್ದೆ. ತಿರುವಿನಲ್ಲಿ ಬೈಕಿನಿಂದ ಇಳಿದವನು ನನ್ನ ಸರಕ್ಕೆ ಕೈಹಾಕಿದ. ಅವನ ಇನ್ನೊಂದು ಕೈಯಲ್ಲಿ ಚಾಕು ಇತ್ತು. ಕುತ್ತಿಗೆಯ ಕಡೆ ಬಂದ ಅಲಗನ್ನು ಬಲಗೈಯಲ್ಲಿ ಹಿಡಿದುಕೊಂಡೆ. ಅವನು ಎಳೆದುಕೊಂಡ. ಸರ ಹೋಯಿತು, ನನ್ನ ನಡುಬೆರಳು ಮತ್ತು ಉಂಗುರಬೆರಳು ಮಡಚುವುದನ್ನೇ ನಿಲ್ಲಿಸಿದವು.

ಕೈಯ ಚಿಂತೆ ಬೇರೆ, ದುಡ್ಡಿನ ಚಿಂತೆ ಬೇರೆ ಎಂದು ಆಗ ತಿಳಿದಿದ್ದೆ. ಆ ತಪ್ಪಿನಿಂದ ಒಂದೇ ಗಾಯಕ್ಕೆ ಎರಡು ಸಲ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಇದನ್ನು ಬರೆಯುತ್ತಿರುವುದು ಅದಕ್ಕಾಗಿಯೇ.

ನಮ್ಮ ಕಡೆ ಎಲ್ಲದಕ್ಕೂ 'ನರ ಕಟ್ಟಾಗಿದೆ' ಎನ್ನುತ್ತೇವೆ. ವೈದ್ಯರು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು: ಬೆರಳನ್ನು ಮಡಚುವ ಹಗ್ಗದಂಥದ್ದು ಸ್ನಾಯುರಜ್ಜು, ಸ್ಪರ್ಶವನ್ನು ತಿಳಿಸುವುದು ನರ. ನನಗೆ ಎರಡೂ ಕತ್ತರಿಸಿದ್ದವು. ಹೊಲಿದ ರಜ್ಜು ಮೊದಲ ವಾರಗಳಲ್ಲಿ ಬಹಳ ದುರ್ಬಲವಾಗಿರುತ್ತದೆ, ಸುಮಾರು 12 ವಾರ ಭಾರದ ಕೆಲಸ ಕೂಡದು. ನರ ದಿನಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರಿನಷ್ಟು ಬೆಳೆಯುತ್ತದೆ. ಕೈಯ ಹಿಂಬದಿಗೆ ಪಟ್ಟಿ ಕಟ್ಟಿ, ಬೆರಳುಗಳು ಬಾಗಿಯೇ ಇರುವಂತೆ ಮಾಡಿ ಕಳುಹಿಸಿದರು. ಎಡಗೈಯಿಂದ ಬೆರಳನ್ನು ಮೆಲ್ಲಗೆ ಮಡಚಿಸಿ ಬಿಡಬೇಕು, ಆ ಬೆರಳು ತಾನಾಗಿ ಬಲ ಹಾಕಬಾರದು.

ಮೂರು ವಾರ ಹಾಗೆಯೇ ಮಾಡಿದೆ. ಅಷ್ಟರಲ್ಲಿ ಹೊಲಿಗೆ ಯಂತ್ರಕ್ಕೆ ತೆಗೆದ ಮೈಕ್ರೋಫೈನಾನ್ಸ್ ಸಾಲದ ಮೂರು ಕಂತು ತಪ್ಪಿತ್ತು. ವಸೂಲಿಗೆ ಬಂದವರು ಬಾಗಿಲಲ್ಲಿ ಕೂತರು. ಸಂಘದ ಹೆಂಗಸರು ನನ್ನ ಕಂತನ್ನು ತಾವು ಕಟ್ಟಬೇಕಾಯಿತೆಂದು ಮುಖ ಬಾಡಿಸಿಕೊಂಡಿದ್ದರು. ನವರಾತ್ರಿಯ ಆರ್ಡರುಗಳು ಚೀಲದಲ್ಲೇ ಇದ್ದವು. ನಾಲ್ಕನೇ ವಾರ ಒಂದು ಮಧ್ಯಾಹ್ನ ಪಟ್ಟಿ ಬಿಚ್ಚಿಟ್ಟು ದೊಡ್ಡ ಕತ್ತರಿಯನ್ನು ಹಿಡಿದೆ. ಲೈನಿಂಗ್ ಬಟ್ಟೆ, ಅರ್ಧ ಗಜವೂ ಕತ್ತರಿಸಿರಲಿಲ್ಲ. ಅಂಗೈಯೊಳಗೆ ದಾರ ತುಂಡಾದ ಹಾಗೆ ಆಯಿತು. ಉಂಗುರಬೆರಳು ನೆಟ್ಟಗೆ ನಿಂತುಬಿಟ್ಟಿತು.

ಎರಡನೇ ಶಸ್ತ್ರಚಿಕಿತ್ಸೆಯ ಮರುದಿನ ನಾದಿನಿ ಆಸ್ಪತ್ರೆಗೆ ಬಂದು ನನ್ನ ಕಾಗದಪತ್ರಗಳನ್ನೆಲ್ಲ ಒಂದು ಫೈಲಿಗೆ ಹಾಕಿದಳು. "ಅತ್ತಿಗೆ, ಕೈಯನ್ನು ನೀವು ನೋಡಿಕೊಳ್ಳಿ, ಇದನ್ನು ನಾನು ನೋಡಿಕೊಳ್ಳುತ್ತೇನೆ" ಎಂದಳು. ಮೊದಲ ವಾರವೇ ಈ ಮಾತನ್ನು ಯಾರಿಗಾದರೂ ನಾನೇ ಹೇಳಬೇಕಿತ್ತು. ಪೆಟ್ಟು ತಿಂದವರಿಗೆ ಕಾಗದ ಓದುವ ತ್ರಾಣ ಇರುವುದಿಲ್ಲ. ಆದರೆ ಕಾಗದ ಬೇಕಾಗುವುದೂ ಆಗಲೇ.

ಫೈಲಿನಲ್ಲಿ ಎಫ್‌ಐಆರ್ ಪ್ರತಿ (ಅದನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು), ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಚೀಟಿ, ಔಷಧಿ ಅಂಗಡಿಯ ಒಂದೊಂದು ರಸೀದಿ ಇದ್ದವು. ಅವನ್ನು ಹಿಡಿದು ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆವು. ಅಪರಾಧದ ಸಂತ್ರಸ್ತರಿಗೆ ಪರಿಹಾರ ಕೊಡಲು ಕರ್ನಾಟಕದಲ್ಲಿ 2011ರಿಂದ ಯೋಜನೆ ಇದೆ ಎಂದು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂ ಪ್ರಕಾರ ಆರೋಪಿ ಪತ್ತೆಯಾಗದಿದ್ದರೂ ಅರ್ಜಿ ಹಾಕಬಹುದು. ಪ್ರಾಧಿಕಾರ ಎರಡು ತಿಂಗಳೊಳಗೆ ವಿಚಾರಣೆ ಮುಗಿಸಬೇಕು. ಠಾಣಾಧಿಕಾರಿಯ ಪ್ರಮಾಣಪತ್ರ ಇದ್ದರೆ ತಕ್ಷಣದ ಚಿಕಿತ್ಸೆಯನ್ನು ಉಚಿತವಾಗಿ ಕೊಡಿಸಲು ಆದೇಶಿಸುವ ಅಧಿಕಾರವೂ ಅದಕ್ಕಿದೆ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ನಮಗೆ ಸಿಕ್ಕ ವಕೀಲೆ ಅರ್ಜಿಯ ಒಂದೊಂದು ಸಾಲನ್ನೂ ಓದಿ ಹೇಳಿದರು.

ಸಾಲ ಕೊಟ್ಟವರಿಗೆ ನಾದಿನಿ ಲಿಖಿತ ಮನವಿ ಕೊಟ್ಟಳು: ಕೈಗೆ ಹೀಗಾಗಿದೆ, ಮೂರು ತಿಂಗಳು ಕಂತು ಮುಂದೂಡಿ. ಜೊತೆಗೆ ಡಿಸ್ಚಾರ್ಜ್ ಚೀಟಿಯ ನಕಲು, ನಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸಹಿ. ಬಾಯಿಮಾತಿಗೆ ಕಿವುಡಾಗಿದ್ದವರು ಕಾಗದಕ್ಕೆ ಉತ್ತರ ಕೊಟ್ಟರು. ಒತ್ತಡ ಹೇರಿ ವಸೂಲಿ ಮಾಡುವುದರ ವಿರುದ್ಧ ರಾಜ್ಯದ ಸುಗ್ರೀವಾಜ್ಞೆ ಬಂದದ್ದು 2025ರ ಫೆಬ್ರವರಿಯಲ್ಲಿ, ನನ್ನ ಪಾಲಿಗೆ ತಡವಾಗಿ. ಆಮೇಲೆ ಅದೇ ವರ್ಷ ಅದರ ಜಾಗಕ್ಕೆ ಕಾಯ್ದೆ ಬಂತು. ಈಗ ಪೆಟ್ಟು ತಿಂದವರು ಅದನ್ನು ತಿಳಿದಿರಲಿ.

ಕಂತಿನ ಭಯ ಹೋದಮೇಲೆ ಕೈಗೆ ಕಾಯುವ ತಾಳ್ಮೆ ಬಂತು. ಹೊಲಿಗೆ ಹಾಕಿದ ಜಾಗದಿಂದ ನಡುಬೆರಳ ತುದಿಯವರೆಗೆ ಅಳತೆಪಟ್ಟಿ ಇಟ್ಟು ನೋಡಿದೆ, 8 ಸೆಂಟಿಮೀಟರ್. ಪೆನ್ಸಿಲಿನಿಂದ ಬೆರಳ ಉದ್ದಕ್ಕೂ ಮೆಲ್ಲಗೆ ತಟ್ಟುತ್ತ ಬಂದರೆ ಒಂದು ಕಡೆ ಜುಂ ಎನ್ನುತ್ತಿತ್ತು. ನರ ಅಲ್ಲಿಯವರೆಗೆ ಬಂದಿದೆ ಎಂದು ಫಿಸಿಯೋಥೆರಪಿಯವರು ಹೇಳಿಕೊಟ್ಟಿದ್ದರು. ಪ್ರತಿ ಭಾನುವಾರ ಆ ಜಾಗಕ್ಕೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆದು, ಅಳತೆ ಪುಸ್ತಕದಲ್ಲಿ ಗಿರಾಕಿಗಳ ಎದೆಸುತ್ತು, ತೋಳುದ್ದದ ಪಕ್ಕದಲ್ಲೇ ಬರೆದಿಟ್ಟೆ. ಕೆಲವು ವಾರ ಗೆರೆ ಅಲುಗಲಿಲ್ಲ. ಆ ವಾರಗಳಲ್ಲಿ ಅತ್ತಿದ್ದೇನೆ.

ಗಾಯದ ಕಲೆ ಗಡುಸಾಗದಂತೆ ದಿನಕ್ಕೆ ಮೂರು ಹೊತ್ತು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದೆ. ಅಂಗೈಗೆ ಬಟ್ಟೆ ತಾಕಿದರೂ ಉರಿಯುತ್ತಿತ್ತು. ಅದಕ್ಕೆ ಮೊದಲು ಹತ್ತಿ, ಆಮೇಲೆ ಟವೆಲ್, ಆಮೇಲೆ ರಾಗಿ. ಅಗಲವಾದ ಬೋಗುಣಿಗೆ ಎರಡು ಸೇರು ರಾಗಿ ಸುರಿದು, ಅದರೊಳಗೆ ಗುಂಡಿ, ಹುಕ್ಕುಗಳನ್ನು ಮುಚ್ಚಿಟ್ಟು ಕಣ್ಣುಮುಚ್ಚಿ ಹುಡುಕುತ್ತಿದ್ದೆ. ಗುಂಡಿ ಬೇಗ ಸಿಕ್ಕಿತು. ಹುಕ್ಕು ಬೆರಳಿಗೆ ತಿಳಿದದ್ದು ಸಂಕ್ರಾಂತಿ ಕಳೆದ ಮೇಲೆ.

ಅಂಗಡಿಯನ್ನು ಪೂರ್ತಿ ಮುಚ್ಚಲಿಲ್ಲ. ಅಳತೆಯನ್ನು ನಾನು ಬಾಯಲ್ಲಿ ಹೇಳುತ್ತಿದ್ದೆ, ಪಕ್ಕದ ಬೀದಿಯ ಹುಡುಗಿ ಕತ್ತರಿಸಿ ಹೊಲಿಯುತ್ತಿದ್ದಳು. ಕೂಲಿ ಅರ್ಧ ಅವಳಿಗೆ. ವೈದ್ಯರು ಒಪ್ಪಿದ ಮೇಲೆ ಸೀರೆಗೆ ಫಾಲ್ ಹಾಕಿದೆ, ಆಮೇಲೆ ಕುಚ್ಚು ಕಟ್ಟಿದೆ. ಕತ್ತರಿ ಎಲ್ಲಕ್ಕಿಂತ ಕೊನೆಗೆ. ಕತ್ತಲಾದ ಮೇಲೆ ಬೈಕಿನ ಸದ್ದಿಗೆ ಈಗಲೂ ಎದೆ ನಡುಗುತ್ತದೆ, ಆರು ಗಂಟೆಗೇ ಬಾಗಿಲು ಹಾಕುತ್ತೇನೆ. ಆ ಒಂದು ಗಂಟೆಯ ಸಂಪಾದನೆಯನ್ನು ಬಿಟ್ಟುಕೊಟ್ಟಿದ್ದೇನೆ.

ಪರಿಹಾರದ ಹಣ ಎರಡನೇ ಶಸ್ತ್ರಚಿಕಿತ್ಸೆಗೆ ಮಾಡಿದ ಕೈಸಾಲಕ್ಕೆ ಹೋಯಿತು. ಆರೋಪಿಗಳು ಸಿಕ್ಕಿಬಿದ್ದಾಗ ಸರವೂ ಸಿಕ್ಕಿತು. ಪೊಲೀಸರ ವಶದಲ್ಲಿದ್ದ ಅದನ್ನು ನ್ಯಾಯಾಲಯಕ್ಕೆ ಅರ್ಜಿ ಹಾಕಿ, ಮುಚ್ಚಳಿಕೆ ಬರೆದುಕೊಟ್ಟು ಬಿಡಿಸಿಕೊಂಡೆ. ಕೇಳಿದಾಗ ಹಾಜರುಪಡಿಸಬೇಕಾದ್ದರಿಂದ ಪ್ರಕರಣ ಮುಗಿಯುವವರೆಗೆ ಮಾರುವಂತಿಲ್ಲ, ಕರಗಿಸುವಂತಿಲ್ಲ. ಕೊಂಡಿ ತುಂಡಾದ ಹಾಗೆಯೇ ಗುಂಡಿ ಡಬ್ಬಿಯ ಪಕ್ಕದಲ್ಲಿ ಇಟ್ಟಿದ್ದೇನೆ. ಉಂಗುರಬೆರಳು ಅಂಗೈಯನ್ನು ಮುಟ್ಟಲು ಇನ್ನೂ ಒಂದು ಬೆರಳಗಲ ಬಾಕಿ ಇದೆ.