ಎಎಂಎಚ್ 0.8: ಐವಿಎಫ್‌ಗೆ ಮೊದಲು ನಾನು ತಿಳಿದುಕೊಂಡದ್ದು

ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಎಎಂಎಚ್, ಅಂದರೆ ಅಂಡಾಣು ಎಷ್ಟು ಉಳಿದಿರಬಹುದು ಅಂತ ಅಂದಾಜು ಕೊಡುವ ಹಾರ್ಮೋನ್, 0.8 ಅಂತಿತ್ತು. ಪಕ್ಕದಲ್ಲೇ 'ಕಡಿಮೆ' ಅಂತ ದಪ್ಪ ಅಕ್ಷರ. ಆಗ ನನಗೆ 34 ವರ್ಷ. ನನ್ನಲ್ಲಿ ಅಂಡಾಣುಗಳೇ ಮುಗಿದುಹೋಗಿವೆ ಅಂದುಕೊಂಡು ಆ ರಾತ್ರಿಯೆಲ್ಲಾ ಅತ್ತೆ. ಏನು ತಪ್ಪು ಮಾಡಿದೆ, ಮುಂಚೆಯೇ ಬರಬೇಕಿತ್ತಾ ಅಂತ ಅದೇ ಯೋಚನೆ.

ಐವಿಎಫ್‌ಗೆ, ಅಂದರೆ ಅಂಡಾಣು ಹೊರತೆಗೆದು ಲ್ಯಾಬಿನಲ್ಲಿ ಫಲಿತ ಮಾಡುವ ಚಿಕಿತ್ಸೆಗೆ, ಒಪ್ಪುವ ಮೊದಲು ಈ ಅಂಕಿಯ ಅರ್ಥ ತಿಳಿಯಲೇಬೇಕು ಅಂತ ಕೂತೆ. ಮೊದಲು ಸಮಾಧಾನ ಕೊಟ್ಟದ್ದು ಒಂದು ಲೆಕ್ಕ. ಹೆಣ್ಣು ಮಗು ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳಿರುವಾಗ ಅದರ ಅಂಡಾಶಯಗಳಲ್ಲಿ ಸುಮಾರು 60-70 ಲಕ್ಷ ಅಂಡಾಣುಗಳಿರುತ್ತವೆ. ಹುಟ್ಟುವಾಗ 10-20 ಲಕ್ಷ. ಮೈನೆರೆಯುವ ಹೊತ್ತಿಗೆ 3-4 ಲಕ್ಷ. ಜೀವನದಲ್ಲಿ ಬಿಡುಗಡೆಯಾಗುವುದು ನಾನೂರೈನೂರು ಮಾತ್ರ. ಉಳಿದದ್ದೆಲ್ಲ ತಾನಾಗಿ ಕರಗುತ್ತದೆ. ಗರ್ಭಿಣಿಯಾಗಿದ್ದರೂ, ಗರ್ಭನಿರೋಧಕ ಮಾತ್ರೆ ತಗೊಂಡು ಅಂಡಾಣು ಬಿಡುಗಡೆ ನಿಂತಿದ್ದರೂ ಕರಗುವುದು ನಿಲ್ಲುವುದಿಲ್ಲ. ಅಂದರೆ ಅದನ್ನು ನಾನು ಖರ್ಚು ಮಾಡಿರಲಿಲ್ಲ.

ಆಮೇಲೆ ಎಎಂಎಚ್. ಇದು ಅಂಡಾಣುಗಳನ್ನು ನೇರವಾಗಿ ಎಣಿಸುವುದಿಲ್ಲ. ಬೆಳೆಯಲು ಶುರುಮಾಡಿದ ಸಣ್ಣ ಫಾಲಿಕಲ್‌ಗಳ, ಅಂದರೆ ಅಂಡಾಣು ಕೂತಿರುವ ಪುಟ್ಟ ಚೀಲಗಳ, ಜೀವಕೋಶಗಳು ಬಿಡುವ ಹಾರ್ಮೋನ್ ಇದು. ಮಲಗಿರುವ ಅಂಡಾಣುಗಳು ಎಷ್ಟಿರಬಹುದು ಅಂತ ಅದರಿಂದ ಅಂದಾಜು ಮಾಡುತ್ತಾರೆ, ಅಷ್ಟೇ. ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದರೆ ಈ ಅಂಕಿ ಇಳಿದು ಕಾಣುತ್ತದೆ. ಮುಟ್ಟಿನ ಹೊಟ್ಟೆನೋವಿಗೆ ನಾನು ವರ್ಷಗಟ್ಟಲೆ ಅದೇ ಮಾತ್ರೆ ನುಂಗಿದ್ದೆ. ನಿಲ್ಲಿಸಿ ಎರಡು ವಾರವೂ ಆಗಿರಲಿಲ್ಲ. ರಕ್ತ ತೆಗೆಯುವಾಗ ಯಾರೂ ಅದನ್ನು ಕೇಳಲಿಲ್ಲ. ಇದು ಈಗಲೂ ನನಗೆ ನೋವಿನ ವಿಷಯ. ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿದಾಗ 1.2 ಬಂತು.

ಜಾಸ್ತಿ ಏನಲ್ಲ. ಆದರೆ ಈ ಸಲ ಜೊತೆಗೆ ಮುಟ್ಟಿನ ಮೂರನೇ ದಿನದ ಸ್ಕ್ಯಾನಿಂಗ್ ಕೂಡ ಇತ್ತು. 2ರಿಂದ 10 ಮಿಲಿಮೀಟರಿನ ಫಾಲಿಕಲ್‌ಗಳನ್ನು ಎಣಿಸಿದರು. ಎಡಕ್ಕೆ ನಾಲ್ಕು, ಬಲಕ್ಕೆ ಮೂರು. ರಕ್ತದಲ್ಲಿ ಎಫ್‌ಎಸ್‌ಎಚ್ (ಫಾಲಿಕಲ್ ಬೆಳೆಸುವ ಹಾರ್ಮೋನ್, ಅಂಡಾಣು ಕಡಿಮೆಯಾದಾಗ ಏರುತ್ತದೆ) ಜೊತೆ ಎಸ್ಟ್ರಡಿಯಾಲ್ (ಬೆಳೆಯುವ ಫಾಲಿಕಲ್ ಬಿಡುವ ಹಾರ್ಮೋನ್) ಕೂಡ ನೋಡಿದರು. ಎಸ್ಟ್ರಡಿಯಾಲ್ ಏರಿದ್ದರೆ ಎಫ್‌ಎಸ್‌ಎಚ್ ಸುಳ್ಳಾಗಿ ಕಡಿಮೆ ಕಾಣಬಹುದು, ಅದಕ್ಕೇ.

"ಇದೆಲ್ಲ ಎಷ್ಟು ಸಿಗಬಹುದು ಅಂತ ಹೇಳುತ್ತದೆ, ಹೇಗಿವೆ ಅಂತ ಅಲ್ಲ. ಅದಕ್ಕೆ ನಿಮ್ಮ ವಯಸ್ಸೇ ಮುಖ್ಯ" ಅಂದರು ಡಾಕ್ಟರ್. ಯಾಕೆ ವಯಸ್ಸು ಅಂತ ಕೇಳಿದೆ. ನಾವು ಹುಟ್ಟುವ ಮೊದಲೇ ಅಂಡಾಣು ತನ್ನ ವಿಭಜನೆ ಶುರುಮಾಡಿ ಅರ್ಧಕ್ಕೆ ನಿಂತಿರುತ್ತದೆ. ಅದು ಮುಂದುವರಿಯುವುದು ಬಿಡುಗಡೆಗೆ ಸ್ವಲ್ಪ ಮುಂಚೆ. ಅಷ್ಟು ವರ್ಷ ಕಾದ ಅಂಡಾಣುವಿನಲ್ಲಿ ಕ್ರೋಮೋಸೋಮ್‌ಗಳು ಸರಿಯಾಗಿ ಬೇರ್ಪಡದೇ ಹೋಗುವ ಸಾಧ್ಯತೆ ವಯಸ್ಸಿನ ಜೊತೆ ಏರುತ್ತದೆ. 34ಕ್ಕೆ ಏಳೇ ಫಾಲಿಕಲ್ ಇದ್ದರೂ ಅವು 34ರ ಅಂಡಾಣುಗಳೇ ಅಲ್ವಾ? ನನ್ನ ಧೈರ್ಯ ಅಲ್ಲಿಂದ ಬಂತು.

ಇನ್ನೊಂದು ಭಯ ಇತ್ತು. ಐವಿಎಫ್‌ನಲ್ಲಿ ಅಂಡಾಣು ಬೆಳೆಸುವ ಇಂಜೆಕ್ಷನ್ ಹಾಕಿಸಿಕೊಂಡರೆ ಇರುವ ಕೆಲವೂ ಬೇಗ ಖಾಲಿಯಾಗುತ್ತವಾ? ಹಾಗಾಗುವುದಿಲ್ಲ. ಪ್ರತಿ ತಿಂಗಳೂ ಫಾಲಿಕಲ್‌ಗಳ ಒಂದು ಗುಂಪು ಬೆಳೆಯಲು ಹೊರಡುತ್ತದೆ. ಒಂದು ಗೆಲ್ಲುತ್ತದೆ, ಉಳಿದವು ಬಾಡುತ್ತವೆ. ಇಂಜೆಕ್ಷನ್ ಆ ಬಾಡುವವುಗಳನ್ನು ಉಳಿಸುತ್ತದೆ. ಗುಂಪೇ ಚಿಕ್ಕದಿದ್ದರೆ ಡೋಸ್ ಎಷ್ಟು ಏರಿಸಿದರೂ ಹೊಸದು ಹುಟ್ಟುವುದಿಲ್ಲ. ಇದು ಗೊತ್ತಿದ್ದರಿಂದ ಹದಿನೈದು ಬೇಕು ಅಂತ ನಾನು ಆಸೆ ಇಟ್ಟುಕೊಳ್ಳಲಿಲ್ಲ.

ಏಳರಲ್ಲಿ ಆರು ಬೆಳೆದವು. ದೊಡ್ಡವು 18 ಮಿಲಿಮೀಟರ್ ದಾಟಿದಾಗ ಕೊನೆಯ ಇಂಜೆಕ್ಷನ್ ಕೊಟ್ಟರು. ಅದಾಗಿ ಸುಮಾರು 36 ಗಂಟೆಗೆ ಅಂಡಾಣು ತೆಗೆದರು. ಐದು ಸಿಕ್ಕವು, ನಾಲ್ಕು ಮಾಗಿದ್ದವು, ಮೂರು ಫಲಿತವಾದವು. ಪ್ರತಿ ಹಂತದಲ್ಲೂ ಇಳಿಯುತ್ತದೆ ಅಂತ ಮೊದಲೇ ತಿಳಿದಿದ್ದರಿಂದ ಲ್ಯಾಬಿನಿಂದ ಫೋನ್ ಬಂದಾಗ ನಾನು ಕುಸಿಯಲಿಲ್ಲ.

ಮೊನ್ನೆ ತಂಗಿ ಕೇಳಿದಳು: "ಅಕ್ಕಾ, ನಾನೂ ಸುಮ್ನೆ ಎಎಂಎಚ್ ಮಾಡಿಸಲಾ?" ಅವಳಿಗೆ 31. ಈಗಷ್ಟೇ ಮಗುವಿಗೆ ಪ್ರಯತ್ನ ಶುರುಮಾಡಿದ್ದಾಳೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದ ವಿಷಯ ಹೇಳಿದೆ. ಬಂಜೆತನದ ಹಿನ್ನೆಲೆ ಇಲ್ಲದ, ಆಗತಾನೇ ಪ್ರಯತ್ನ ಶುರುಮಾಡಿದ್ದ 30ರಿಂದ 44ರ ಹೆಂಗಸರನ್ನು ನೋಡಿದ್ದರು. ಎಎಂಎಚ್ ಕಡಿಮೆ ಇದ್ದವರಿಗೂ ಸಹಜವಾಗಿ ಗರ್ಭ ನಿಲ್ಲುವ ಸಾಧ್ಯತೆ ಕಡಿಮೆಯೇನೂ ಕಂಡಿರಲಿಲ್ಲ. ಒಂದು ವರ್ಷ ಪ್ರಯತ್ನಿಸು, ಆಗಲಿಲ್ಲ ಅಂದರೆ ಇಬ್ಬರೂ ಸೇರಿ ಡಾಕ್ಟರ್ ಹತ್ತಿರ ಹೋಗಿ, ಮಾತ್ರೆ ತಗೊಂಡಿದ್ದರೆ ಮರೆಯದೆ ಹೇಳು ಅಂದೆ.